ಅರ್ಧ ಕೆಡವಿದ ಅಡುಗೆಮನೆ

"ಬುದ್ಧಿ, ಕೈ ಹಾಕಿದರೆ ಕೆಟ್ಟೀತು ಎಂಬ ಭಯವಿರುವಾಗ ಸುಮ್ಮನಿದ್ದುಬಿಡುವುದು ತಪ್ಪೇ?"

ಮರುಳಯ್ಯ ಹೀಗೆ ಕೇಳಿದಾಗ ಗುರುಗಳು ಮಠದ ಹಿತ್ತಿಲಿನಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ತಲೆ ಎತ್ತದೆಯೇ, "ಯಾತಕ್ಕೆ ಕೈ ಹಾಕಿದ್ದೀಯೆ, ಮೊದಲು ಅದನ್ನು ಹೇಳು" ಎಂದರು.

ಶಿಷ್ಯ ಹೇಳಿದ. ಪಕ್ಕದ ಊರಿನಲ್ಲಿ ಅಣ್ಣತಮ್ಮಂದಿರಿಬ್ಬರು ಬಹಳ ಕಾಲದಿಂದ ಮಾತು ಬಿಟ್ಟಿದ್ದರು. ಅವರನ್ನು ಒಂದು ಮಾಡುತ್ತೇನೆಂದು ಇವನೇ ಮುಂದಾಗಿ ಹೋಗಿದ್ದ. ಇಬ್ಬರನ್ನೂ ಎದುರುಬದುರು ಕೂರಿಸಿ, ಮನಸ್ಸಿನಲ್ಲಿ ಇರುವುದನ್ನೆಲ್ಲ ಆಡಿಬಿಡಿ ಎಂದಿದ್ದ. ಅವರು ಆಡಿದರು. ಅದುವರೆಗೆ ಯಾರೂ ಬಾಯಿಬಿಟ್ಟು ಹೇಳದಿದ್ದ ಮಾತುಗಳೆಲ್ಲ ಅಂದು ಹೊರಗೆ ಬಿದ್ದವು. ಅಣ್ಣ ಕೈ ಎತ್ತಿದ. ತಮ್ಮ ಕುಡುಗೋಲು ಇಟ್ಟಿದ್ದ ಮೂಲೆಯ ಕಡೆ ನೋಡಿದ. ಮರುಳಯ್ಯ ಏನೋ ಒಂದು ನೆಪ ಹೇಳಿ ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

"ಹೋದರೆ ಒಳ್ಳೆಯದಾಗುತ್ತದೆ ಎಂದು ಯಾರಾದರೂ ಹೇಳಲಿ, ಈ ಗಳಿಗೆಯೇ ಹೊರಡುತ್ತೇನೆ. ಏನಾಗುತ್ತದೋ ಗೊತ್ತಿಲ್ಲದೆ ಹೇಗೆ ಹೋಗಲಿ ಬುದ್ಧಿ?"

"ಕೂತುಕೋ" ಎಂದರು ಗುರುಗಳು. "ಒಂದು ಅಡುಗೆಮನೆಯ ಕತೆ ಹೇಳುತ್ತೇನೆ."

ಒಂದು ಊರಿನಲ್ಲಿ ಒಬ್ಬಳು ಗಾಣಿಗಿತ್ತಿ ಇದ್ದಳು. ಗಂಡ ತೀರಿಕೊಂಡಿದ್ದ. ಮಗ ಗಾಣ ನೋಡಿಕೊಳ್ಳುತ್ತಿದ್ದ, ಸಂತೆಗಳಿಗೆ ಹೋಗಿ ಎಣ್ಣೆ ಮಾರಿ ಬರುತ್ತಿದ್ದ. ಸೊಸೆ ಬಂದು ಬಹಳ ದಿನವಾಗಿರಲಿಲ್ಲ. ಮನೆಯಲ್ಲಿ ಇದ್ದದ್ದು ಈ ಮೂವರೇ.

ಅವರದು ಮಣ್ಣಿನ ಮಾಳಿಗೆಯ ಮನೆ. ಅಡುಗೆಮನೆ ಹಿಂದುಗಡೆ ಇತ್ತು. ಅದಕ್ಕೆ ಕಿಟಕಿ ಎಂಬುದು ಇರಲಿಲ್ಲ. ಹೊಗೆ ಹೋಗಲಿ ಎಂದು ಮಾಳಿಗೆಯಲ್ಲಿ ಒಂದು ಕಿಂಡಿ ಬಿಟ್ಟಿದ್ದರು. ಹೊಗೆಗೆ ಆ ಕಿಂಡಿಗಿಂತ ಹೆಂಗಸರ ಕಣ್ಣೇ ಹೆಚ್ಚು ಇಷ್ಟವಾಗಿತ್ತು. ಗಾಣಿಗಿತ್ತಿ ಮದುವೆಯಾಗಿ ಬಂದ ದಿನದಿಂದ ಅದರಲ್ಲೇ ಬೇಯಿಸಿಕೊಂಡು ಬಂದಿದ್ದಳು, ಒಂದು ದಿನವೂ ಗೊಣಗಿದವಳಲ್ಲ. ಆದರೆ ಸೊಸೆ ಕೆಮ್ಮತೊಡಗಿದಾಗ ಅವಳಿಗೆ ತಡೆಯಲಾಗಲಿಲ್ಲ. ನಾನು ಪಟ್ಟಿಲ್ಲವೇ, ನೀನೂ ಪಡು ಎನ್ನುವ ಅತ್ತೆಯರು ಬೇಕಾದಷ್ಟು ಇದ್ದಾರೆ. ಇವಳು ಹಾಗೆನ್ನಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ ಮರುಳಯ್ಯ, ಇಲ್ಲದಿದ್ದರೆ ಮುಂದೆ ನೀನು ಅವಳನ್ನು ದಡ್ಡಿ ಎಂದು ನಕ್ಕೀಯೆ.

ಅಡುಗೆಮನೆಯನ್ನು ಹೊಸದು ಮಾಡಿಸಬೇಕೆಂದು ಅವಳೇ ಪಟ್ಟು ಹಿಡಿದಳು. ಹಿಂದಿನ ಗೋಡೆಯನ್ನು ಕೆಡವಿ ಹಿತ್ತಿಲಿನ ಕಡೆಗೆ ಚಾಚಿಸುವುದು. ಎರಡು ಕಿಟಕಿ ಇಡಿಸುವುದು. ನಿಂತು ಬೇಯಿಸುವುದಕ್ಕೆ ಎತ್ತರದ ಕಟ್ಟೆ, ಒಲೆಯ ಮೇಲೆ ಹೊಗೆಗೂಡು. ಊರಿನ ಗಾರೆಯವನನ್ನು ಕರೆಸಿ ಇದನ್ನೆಲ್ಲ ಬೆರಳು ತೋರಿಸಿ ತೋರಿಸಿ ಹೇಳಿದಳು. ಮುಂಗಾರಿಗೆ ಮುಂಚೆಯೇ ಮುಗಿಸಿಕೊಡುತ್ತೇನೆ ಎಂದು ಅವನು ಒಪ್ಪಿಕೊಂಡ.

ಅಡುಗೆಮನೆ ಎಂದರೆ ಒಂದು ಕೋಣೆ ಎಂದುಕೊಂಡವರು ಅದನ್ನು ಖಾಲಿ ಮಾಡಿ ನೋಡಬೇಕು. ಅದು ಇಡೀ ಮನೆಯ ತುಂಬ ಹರಡಿಕೊಂಡಿತು. ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಪಾತ್ರೆ. ಉಪ್ಪಿನ ಜಾಡಿ ಮಂಚದ ಕೆಳಗೆ, ಖಾರದ ಪುಡಿ ದೇವರ ಗೂಡಿನ ಪಕ್ಕ. ಕೊಟ್ಟಿಗೆಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಅಡುಗೆ. ಎಮ್ಮೆ ಸಾರಿನ ಪಾತ್ರೆಗೆ ಮೂತಿ ಚಾಚುತ್ತಿತ್ತು. ಮುದ್ದೆ ನುಂಗಿದರೆ ಗಂಟಲಿಗೆ ಮಣ್ಣು ತಾಗುತ್ತಿತ್ತು. ಇದ್ದರೆ ಎಷ್ಟು ದಿನ ಇದ್ದೀತು ಎಂದು ಎಲ್ಲರೂ ನಗುನಗುತ್ತಲೇ ಉಂಡರು.

ಗಾರೆಯವನು ಹಳೆಯ ಒಲೆಗೆ ಅರಿಶಿನ ಕುಂಕುಮ ಇಡಿಸಿ ಕಿತ್ತುಹಾಕಿದ. ಹಿಂದಿನ ಗೋಡೆಯನ್ನು ಉರುಳಿಸಿದ. ಆ ಗೋಡೆಯ ಮೇಲೆ ಮಾಳಿಗೆಯ ದೊಡ್ಡ ತೊಲೆ ಕೂತಿತ್ತು. ಅದರ ತುದಿಗೆ ಒಂದು ಕಂಬ ಕೊಟ್ಟು ನಿಲ್ಲಿಸಿದ. ಒಲೆ ಕಿತ್ತ ಜಾಗದ ಸಡಿಲ ಮಣ್ಣಿನ ಮೇಲೆ ಒಂದು ಚಪ್ಪಡಿ, ಚಪ್ಪಡಿಯ ಮೇಲೆ ಕಂಬ. ಹೊಸ ಗೋಡೆ ಎದ್ದ ಕೂಡಲೇ ತೆಗೆದುಹಾಕುವ ಕಂಬ ಅದು, ಆದ್ದರಿಂದ ಅದಕ್ಕಾಗಿ ಗುಂಡಿ ತೋಡುವ ಗೋಜಿಗೆ ಅವನು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಸೊಸೆ ಬಚ್ಚಲ ಹತ್ತಿರ ಕೂತು ವಾಂತಿ ಮಾಡಿಕೊಂಡಳು. ಗಾಣಿಗಿತ್ತಿ ಅವಳ ಬೆನ್ನು ನೀವಿದಳು, ಮುಖ ನೋಡಿದಳು, ಕಿವಿಯ ಹತ್ತಿರ ಬಾಗಿ ಒಂದು ಮಾತು ಕೇಳಿದಳು. ಸೊಸೆ ತಲೆಯಾಡಿಸಿದಳು. ಗಾಣಿಗಿತ್ತಿಯ ಕಣ್ಣಲ್ಲಿ ನೀರು ಬಂತು. ದೇವರ ಗೂಡಿನ ಕಡೆ ತಿರುಗಿ ಕೈ ಮುಗಿದಳು. ಆಗಲೇ ಹಿತ್ತಿಲಿನಿಂದ ಗುದ್ದಲಿಯ ಸದ್ದು ಕೇಳಿಸಿತು. ಹೊಸ ಗೋಡೆಗೆ ಪಾಯ ಅಗೆಯಲು ಶುರು ಮಾಡಿದ್ದರು.

ಬಸುರಿ ಇರುವ ಮನೆಯಲ್ಲಿ ನೆಲ ಅಗೆಯುವುದಿಲ್ಲ. ಗೋಡೆ ಕೆಡವುವುದಿಲ್ಲ, ಗೋಡೆ ಎತ್ತುವುದೂ ಇಲ್ಲ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವುದೇ. ಕೆಲವರು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಕೆಲವರು ಒಂದು ತೆಂಗಿನಕಾಯಿ ಒಡೆದು, ಕೆನ್ನೆ ತಟ್ಟಿಕೊಂಡು, ತಮ್ಮ ಕೆಲಸ ಮುಂದುವರಿಸುತ್ತಾರೆ. ಗಾಣಿಗಿತ್ತಿ ಕಾಯಿ ಒಡೆದು ಮುಂದುವರಿಯುವ ಪೈಕಿ ಅಲ್ಲ. ಅದಕ್ಕೆ ಕಾರಣವಿತ್ತು.

ಅವಳ ಚೊಚ್ಚಲ ಬಸಿರಿನಲ್ಲಿ ಮಾವ ಕೊಟ್ಟಿಗೆ ಕಟ್ಟಿಸಿದ್ದ. ದನ ಕಟ್ಟುವ ಗೂಟಗಳನ್ನು ನೆಲಕ್ಕೆ ಹೊಡೆಸಿದ್ದ. ಅವಳಿಗೆ ಹುಟ್ಟಿದ ಗಂಡು ಕೂಸು ಅಳಲಿಲ್ಲ. ಅದನ್ನು ತೊಳೆದು ಬಟ್ಟೆ ಸುತ್ತುವಾಗ ಯಾರೋ ಒಬ್ಬ ಮುದುಕಿ, ಗೂಟದ ಪೆಟ್ಟು ಕೂಸಿಗೆ ಬಿತ್ತು ಎಂದಳು. ಹೇಳಿದವಳು ಆ ಮಾತನ್ನು ಸಂಜೆಯೊಳಗೆ ಮರೆತಿರಬೇಕು. ಕೇಳಿದವಳು ಮರೆಯಲಿಲ್ಲ. ಮಾವ ಸಾಯುವವರೆಗೂ ಅವಳು ಅವನಿಗೆ ಬಡಿಸಿದಳು, ಬಟ್ಟೆ ಒಗೆದು ಹಾಕಿದಳು, ಕಾಯಿಲೆ ಬಿದ್ದಾಗ ಗಂಜಿ ಕುಡಿಸಿದಳು. ಮಾತಾಡಲಿಲ್ಲ.

ಅವಳು ಹಿತ್ತಿಲಿಗೆ ಓಡಿದಳು.

"ಎತ್ತಿದ ಗುದ್ದಲಿ ಕೆಳಗಿಡಪ್ಪ. ಸೊಸೆ ಬಸುರಿ. ಹೆರಿಗೆ ಆಗೋವರ್ಗೂ ಇಲ್ಲಿ ಒಂದು ಕಲ್ಲೂ ಅಲ್ಲಾಡಬಾರ್ದು."

ಗಾರೆಯವನು ಗುದ್ದಲಿ ಕೆಳಗಿಟ್ಟ. ಅವನೂ ಹೆಂಡತಿ ಮಕ್ಕಳಿದ್ದವನೇ, ಅವನಿಗೂ ಆ ಅಳುಕು ಇತ್ತು. ತೊಲೆಯ ಕಡೆ ಒಂದು ಸಲ ನೋಡಿದ, ಅವಳ ಮುಖದ ಕಡೆ ಒಂದು ಸಲ ನೋಡಿದ. ಸಾಮಾನು ಕಟ್ಟಿಕೊಂಡು ಹೊರಟುಹೋದ.

ಮಗ ಬಂದವನು ಕೆಲಸ ನಿಂತದ್ದನ್ನು ನೋಡಿ ಕೇಳಿದ. "ಕೆಡವಿದ್ದಂತೂ ಕೆಡವಿ ಆಯ್ತಲ್ಲವ್ವ. ಇನ್ನು ಕಟ್ಟೋದು ತಾನೆ? ಕಟ್ಟಿದ್ರೆ ಏನು ಕೆಡುತ್ತೆ?"

"ನಿನಗಿಂತ ಮುಂಚೆ ನಿಂಗೊಬ್ಬ ಅಣ್ಣ ಹುಟ್ಟಿದ್ದ" ಎಂದಳು ತಾಯಿ.

ಮಗನಿಗೆ ಅದು ಗೊತ್ತಿರಲಿಲ್ಲ. ಅವನು ಮತ್ತೆ ಆ ಮಾತು ಎತ್ತಲಿಲ್ಲ. ಹೆರಿಗೆಗೆ ಹೆಂಡತಿಯನ್ನು ತವರಿಗೆ ಕಳಿಸೋಣವೆಂದರೆ ಅಲ್ಲಿ ತಾಯಿ ಇರಲಿಲ್ಲ, ಮುದಿ ತಂದೆ ಒಬ್ಬನೇ. ಹಾಗಾಗಿ ಬಾಣಂತನ ಅತ್ತೆಯ ಮನೆಯಲ್ಲೇ ಎಂದು ತೀರ್ಮಾನವಾಯಿತು. ಆ ಮನೆ ಅರ್ಧ ಕೆಡವಿದಂತೆಯೇ ನಿಂತಿತು.

ಭಯಕ್ಕೆ ಒಂದು ಗುಣವಿದೆ. ಒಂದು ಮೂಲೆಯಲ್ಲಿ ಜಾಗ ಕೊಟ್ಟರೆ ಅದು ಇಡೀ ಮನೆಯನ್ನು ಕೇಳುತ್ತದೆ. ಮೊದಲು ಗುದ್ದಲಿ ಬೇಡವೆಂದಳು. ಆಮೇಲೆ ಗೋಡೆಗೆ ಮೊಳೆ ಹೊಡೆಯಬೇಡಿ ಎಂದಳು. ಬಿದ್ದ ಮಣ್ಣನ್ನು ಗುಡಿಸಿ ಆಚೆ ಹಾಕೋಣವೇ ಎಂದು ಮಗ ಕೇಳಿದರೆ, ಅದು ಎಲ್ಲಿ ಬಿದ್ದಿದೆಯೋ ಅಲ್ಲೇ ಇರಲಿ ಎಂದಳು. ಹಿಂಬದಿಯ ಬಾಯಿಗೆ ತೆಂಗಿನ ಗರಿಯ ತಟ್ಟಿ ಇಳಿಬಿಡಲು ಒಪ್ಪಿದಳು, ಆದರೆ ಹಗ್ಗದಿಂದ ಕಟ್ಟಬೇಕು, ಮೊಳೆ ಹೊಡೆಯಬಾರದು. ಒಂದು ದಿನ ಒನಕೆ ಹಿಡಿದು ಮೆಣಸಿನಕಾಯಿ ಕುಟ್ಟಲು ಹೋದವಳು, ಇದೂ ನೆಲಕ್ಕೆ ಬೀಳುವ ಪೆಟ್ಟೇ ಅಲ್ಲವೇ ಎನಿಸಿ ಒನಕೆಯನ್ನು ಗೋಡೆಗೆ ಒರಗಿಸಿಟ್ಟಳು. ಅಂದಿನಿಂದ ಖಾರ ಪಕ್ಕದ ಮನೆಯಲ್ಲಿ ಕುಟ್ಟಿಸಿ ತಂದರು.

"ಹಂಗಾದ್ರೆ ಗಾಣಾನೂ ನಿಲ್ಸಿಬಿಡ್ಲಾ ಅವ್ವ?" ಎಂದು ಮಗ ತಮಾಷೆಗೆ ಕೇಳಿದ. ತಾಯಿ ನಗಲಿಲ್ಲ. ಅವಳು ಅದನ್ನೂ ಯೋಚಿಸಿ ನೋಡಿದ್ದಳು.

ಮುಂಗಾರು ಬಂತು. ನಮ್ಮ ಸೀಮೆಯ ಮಳೆ ಎಷ್ಟೆಂದು ನಿನಗೆ ಗೊತ್ತು, ನಾಲ್ಕು ಸಲ ಸುರಿದರೆ ಅದೇ ಹೆಚ್ಚು. ಆದರೆ ಮಣ್ಣಿನ ಮಾಳಿಗೆ ನೀರು ಕುಡಿದರೆ ತೂಕವಾಗುತ್ತದೆ. ತಟ್ಟಿಯ ಸಂದಿನಿಂದ ನೀರು ಒಳಗೆ ಹರಿದು ಕಂಬದ ಬುಡದಲ್ಲಿ ನಿಂತಿತು. ಸಡಿಲ ಮಣ್ಣು ಕೆಸರಾಯಿತು. ಚಪ್ಪಡಿಯ ಒಂದು ಮೂಲೆ ತಗ್ಗಿತು. ನೆಟ್ಟಗೆ ನಿಂತಿದ್ದ ಕಂಬ ಸ್ವಲ್ಪ ಓರೆಯಾಯಿತು.

ಗಾಣಿಗಿತ್ತಿ ಅದನ್ನು ನೋಡಿದಳು. ಮನೆಯಲ್ಲಿ ಬೇರೆ ಯಾರೂ ಗಮನಿಸುವ ಮೊದಲೇ ನೋಡಿದಳು, ಏಕೆಂದರೆ ಅವಳು ದಿನವೂ ನೋಡುತ್ತಿದ್ದಳು. ಕೊಟ್ಟಿಗೆಯಲ್ಲಿ ಅನ್ನ ಕುದಿಯುತ್ತಿದ್ದರೆ ಅವಳ ಕಿವಿ ಅಡುಗೆಮನೆಯಲ್ಲಿ ಇರುತ್ತಿತ್ತು. ತೊಲೆ ಒಮ್ಮೊಮ್ಮೆ ಕಿರ್ ಎನ್ನುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ಕೈಯಲ್ಲಿದ್ದ ಸೌಟು ಅಲ್ಲೇ ನಿಲ್ಲುತ್ತಿತ್ತು. ಮತ್ತೆ ಸದ್ದಾಗದಿದ್ದರೆ ಇನ್ನೂ ಭಯವಾಗುತ್ತಿತ್ತು. ಸೊಸೆಯನ್ನು ಕರೆದು, ನೀನು ಆ ಕಡೆ ಕಾಲಿಡಕೂಡದು ಎಂದು ಆಣೆ ಮಾಡಿಸಿಕೊಂಡಳು.

ಹೀಗೆ ಅವಳ ಪಾಲಿಗೆ ಎರಡು ಭಯಗಳಾದವು. ಗುದ್ದಲಿ ಬಿದ್ದರೆ ಕೂಸಿಗೆ ಏನಾಗುತ್ತದೋ ಎಂಬುದೊಂದು, ತೊಲೆ ಬಿದ್ದರೆ ಯಾರಿಗೆ ಏನಾಗುತ್ತದೋ ಎಂಬುದೊಂದು. ಮೊದಲನೆಯದು ಹಳೆಯದು, ಅದರೊಡನೆ ಅವಳು ಅರ್ಧ ಆಯಸ್ಸು ಕಳೆದಿದ್ದಳು. ಹಳೆಯ ಭಯವನ್ನು ಮನುಷ್ಯ ಭಯವೆಂದು ಕರೆಯುವುದಿಲ್ಲ, ಬುದ್ಧಿವಂತಿಕೆ ಎನ್ನುತ್ತಾನೆ. ಅವಳೂ ಹಾಗೇ ಅಂದುಕೊಂಡಳು. ಇನ್ನು ಸ್ವಲ್ಪ ದಿನ ತಾನೆ, ಹೆರಿಗೆ ಆಗಿಬಿಡಲಿ, ಅಲ್ಲಿಯವರೆಗೆ ನಿಂತಿರಲಿ ದೇವರೇ ಎಂದು ತೊಲೆಗೇ ಕೈ ಮುಗಿದಳು.

ದಾರಿಯಲ್ಲಿ ಹೋಗುತ್ತಿದ್ದ ಗಾರೆಯವನು ಒಂದು ದಿನ ಒಳಗೆ ಇಣುಕಿದ. ಕಂಬ ನೋಡಿ ಅವನ ಮುಖ ಸಣ್ಣದಾಯಿತು.

"ಅವ್ವ, ಇನ್ನೊಂದು ಕಂಬ ಕೊಟ್ಟುಬಿಡ್ತೀನಿ. ಇದು ಕಟ್ಟೋ ಕೆಲಸ ಅಲ್ಲ, ಬರೀ ಆಸರೆ."

"ಗುಂಡಿ ತೋಡದೆ ನಿಲ್ಸಕ್ಕಾಗುತ್ತಾ?"

"ಈ ಕೆಸರಲ್ಲಿ ಹ್ಯಾಗವ್ವ ಆಗುತ್ತೆ? ಗಟ್ಟಿ ನೆಲ ಸಿಗೋವರ್ಗೂ ಅಗೀಲೇಬೇಕು."

"ಹಂಗಾದ್ರೆ ಬೇಡ."

ಅವನು ಎರಡು ಸಲ ಹೇಳಿದ. ಮೂರನೆಯ ಸಲ ಹೇಳುವ ಧೈರ್ಯ ಅವನಿಗೂ ಬರಲಿಲ್ಲ. ನಾಳೆ ಆ ಹುಡುಗಿಗೆ ಏನಾದರೂ ಆದರೆ ಊರೆಲ್ಲ ತನ್ನ ಗುದ್ದಲಿಯತ್ತ ಬೆರಳು ತೋರಿಸುತ್ತದೆ ಎಂದು ಅವನಿಗೆ ಗೊತ್ತಿತ್ತು. ತನ್ನ ದಾರಿ ಹಿಡಿದ.

ಇದಾದ ಮೇಲೆ ಗಾಣಿಗಿತ್ತಿಗೆ ಹೊಸದೊಂದು ಕಂಡಿತು. ಹಿಂದಿನ ಗೋಡೆ ಮುರಿದ ಕಡೆ, ಕಂಬದ ಪಕ್ಕದಲ್ಲೇ, ಒಂದು ತುಂಡು ಮಣ್ಣಿನ ಗೋಡೆ ಉಳಿದಿತ್ತು. ಅದರ ಅಂಚಿನಲ್ಲಿ ಯಾರೋ ಕೆರೆದ ಗುರುತು. ಹೆಗ್ಗಣವಿರಬೇಕು ಎಂದುಕೊಂಡಳು. ಮಾರನೆಯ ದಿನ ಆ ಗುರುತು ದೊಡ್ಡದಾಗಿತ್ತು. ಹೆಗ್ಗಣ ಕಂಬದ ಬುಡವನ್ನೂ ತೋಡಿಬಿಟ್ಟರೆ ಗತಿಯೇನು ಎಂದು ಹೆದರಿದಳು. ಬೋನು ಇಟ್ಟಳು. ಬೋನಿನಲ್ಲಿಟ್ಟ ಕೊಬ್ಬರಿ ಹಾಗೇ ಇತ್ತು. ಗೋಡೆ ಮಾತ್ರ ಸವೆಯುತ್ತಲೇ ಹೋಯಿತು.

ಮುಂಗಾರು ಮುಗಿದು ಹಿಂಗಾರು ಹಿಡಿದಿತ್ತು. ಅಂದು ಮಗ ಸಂತೆಗೆ ಹೋಗಿದ್ದ. ಹಿಂದಿನ ದಿನವಷ್ಟೇ ಮಳೆ ಸುರಿದಿತ್ತು. ಮಧ್ಯಾಹ್ನ ಉಂಡ ಮೇಲೆ ಗಾಣಿಗಿತ್ತಿ ಬಾವಿಗೆ ಹೋಗಿ ಬಂದಳು. ಪಡಸಾಲೆಯಲ್ಲಿ ಸೊಸೆ ಇರಲಿಲ್ಲ. ಕೊಟ್ಟಿಗೆಯಲ್ಲಿ ಇರಲಿಲ್ಲ. ಕೊಡ ಇಳಿಸಿ ಅವಳು ಅಡುಗೆಮನೆಯ ಬಾಗಿಲಿಗೆ ಬಂದಳು.

ಸೊಸೆ ಒಳಗಿದ್ದಳು. ತುಂಬಿದ ಬಸುರಿ, ತೊಲೆಯ ಕೆಳಗೆ, ಕಂಬಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಮುರಿದ ಗೋಡೆಯನ್ನು ಉಗುರಿನಿಂದ ಕೆರೆಯುತ್ತ ಒದ್ದೆ ಮಣ್ಣನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಬಸುರಿಗೆ ಹುಳಿಯ ಬಯಕೆಯಾಗುತ್ತದೆ, ಕೆಲವರಿಗೆ ಮಣ್ಣಿನ ಬಯಕೆ. ಮಳೆ ಬಿದ್ದ ಹಳೆಯ ಗೋಡೆಯ ವಾಸನೆ ಅವಳನ್ನು ಅಲ್ಲಿಗೆ ಎಳೆಯುತ್ತಿತ್ತು. ಆಣೆ ಮಾಡಿದ್ದರೂ ಅವಳು ನಾಚಿಕೆಯಿಂದ ಯಾರಿಗೂ ಹೇಳದೆ ದಿನವೂ ಬಂದು ಹೋಗುತ್ತಿದ್ದಳು.

ಅವಳ ಬೆನ್ನಿನ ಭಾರಕ್ಕೆ ಕಂಬ ಇನ್ನಷ್ಟು ವಾಲಿತ್ತು. ಚಪ್ಪಡಿ ಕೆಸರಿನಲ್ಲಿ ಮೆಲ್ಲಗೆ ಜಾರುತ್ತಿದ್ದುದು ಬಾಗಿಲಲ್ಲಿ ನಿಂತವಳಿಗೆ ಕಾಣುತ್ತಿತ್ತು. ತೊಲೆಯ ತುದಿಯಿಂದ ಮಣ್ಣು ಉದುರುತ್ತಿತ್ತು. ಕೂಗಿದರೆ ಹುಡುಗಿ ಬೆಚ್ಚಿ ಎದ್ದಾಳು, ಎದ್ದರೆ ಕಂಬಕ್ಕೆ ತಾಗಿಯಾಳು. ಗಾಣಿಗಿತ್ತಿ ಕೂಗಲಿಲ್ಲ. ಒಳಗೆ ಹೋದಳು, ಸೊಸೆಯನ್ನು ದಾಟಿ ಕಂಬದ ವಾಲಿದ ಮಗ್ಗುಲಿಗೆ ಬಂದಳು, ಹೆಗಲು ಕೊಟ್ಟಳು. ಕಾಲನ್ನು ಉಳಿದ ಗೋಡೆಗೆ ಒತ್ತಿ ನಿಂತಳು. ಮಾಳಿಗೆಯ ಭಾರ ಅವಳ ಮೂಳೆಗೆ ತಿಳಿಯಿತು.

"ಹೊನ್ನಿ, ಬೆಚ್ಚಬೇಡ ಮಗಳೆ. ಮುಂದಕ್ಕೆ ಬಗ್ಗಿ ಮೆಲ್ಲಗೆ ಏಳು. ಬಾಗಿಲ ಹತ್ರ ಹೋಗು."

ಹೊನ್ನಿ ಎದ್ದಳು. ತುಟಿಯ ಮೇಲೆ ಮಣ್ಣು ಹಾಗೇ ಇತ್ತು. ಬಾಗಿಲ ಹತ್ತಿರ ಹೋಗಿ ತಿರುಗಿ ನೋಡಿದಾಗ ಅವಳಿಗೆ ಎಲ್ಲ ಅರ್ಥವಾಯಿತು. ಅಳಲು ಶುರು ಮಾಡಿದಳು.

"ಅಳೋದು ಆಮೇಲೆ. ಗಾರೆಯವನ್ನ ಕರ್ಕೊಂಡು ಬಾ. ಓಡಬೇಡ, ನಡ್ಕೊಂಡು ಹೋಗು."

ಸೊಸೆ ಹೋದಳು. ಕಂಬವನ್ನು ಬಿಟ್ಟು ಓಡಿಬರಬಹುದಿತ್ತಲ್ಲ ಎಂದು ನೀನು ಕೇಳಬಹುದು. ಆ ತೊಲೆಯ ಇನ್ನೊಂದು ತುದಿ ಪಡಸಾಲೆಯ ಗೋಡೆಯ ಮೇಲೆ ಕೂತಿತ್ತು. ಇದು ಬಿದ್ದರೆ ಅದನ್ನೂ ಎಳೆದುಕೊಂಡು ಬೀಳುತ್ತಿತ್ತು. ಹೆರಬೇಕಾದ ಹುಡುಗಿಗೆ ತಲೆಯ ಮೇಲೆ ಸೂರಿರುತ್ತಿರಲಿಲ್ಲ. ಅಲ್ಲದೆ ಹೆಗಲು ತೆಗೆದರೆ ತಾನು ಬಾಗಿಲು ಮುಟ್ಟುವವರೆಗೆ ಅದು ಕಾಯುತ್ತದೆ ಎಂಬ ನಂಬಿಕೆಯೂ ಅವಳಿಗೆ ಇರಲಿಲ್ಲ. ಅವಳು ನಿಂತಳು.

ನಿಂತವಳಿಗೆ ಯೋಚಿಸುವುದಕ್ಕೆ ಬೇಕಾದಷ್ಟು ಹೊತ್ತು ಸಿಕ್ಕಿತು. ಗಾರೆಯವನು ಬಂದರೆ ಅಗೆಯಬೇಕು. ಅಗೆದರೆ ಕೂಸಿಗೆ ಪೆಟ್ಟು. ಆ ಸಣ್ಣ ಮುಖ ಕಣ್ಣ ಮುಂದೆ ಬಂತು, ತೊಳೆದು ಬಟ್ಟೆ ಸುತ್ತಿ ಅವಳಿಗೆ ಒಂದೇ ಸಲ ತೋರಿಸಿದ್ದ ಮುಖ. ಇನ್ನೊಂದು ಕೂಸನ್ನು ಹಾಗೆ ನೋಡುವ ಶಕ್ತಿ ತನಗಿಲ್ಲ ಎನಿಸಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಅದು ಮೊದಲನೆಯದಕ್ಕಿಂತ ಘೋರವಾಗಿತ್ತು. ಈಗ ಅಗೆದೂ ಈ ಕೂಸು ಬದುಕಿದರೆ, ಅಂದು ತನ್ನ ಕೂಸು ಸತ್ತದ್ದು ಯಾತರಿಂದ? ಗೂಟದಿಂದ ಅಲ್ಲವಾದರೆ, ಆ ಮುದುಕನೊಡನೆ ತಾನು ಅಷ್ಟು ವರ್ಷ ಮಾತು ಬಿಟ್ಟದ್ದು ಯಾತಕ್ಕೆ? ಅವಳಿಗೆ ಕಂಬದ ಭಾರಕ್ಕಿಂತ ಇದು ತಾಳಲಾರದಾಯಿತು. ಕೂಸು ಬದುಕಲಿ ಎಂದು ಬೇಡಿಕೊಳ್ಳಲು ಹೋದರೆ ಬಾಯಿ ತೊದಲಿತು.

ಗಾರೆಯವನು ಬಂದ. ಹೆಗಲ ಮೇಲೆ ಒಂದು ಕಂಬ, ಕೈಯಲ್ಲಿ ಗುದ್ದಲಿ. ಒಂದು ನೋಟದಲ್ಲಿ ಎಲ್ಲ ತಿಳಿದುಕೊಂಡ. ಅವಳ ಪಕ್ಕದಲ್ಲೇ ಜಾಗ ಹಿಡಿದು ನಿಂತ, ಗುದ್ದಲಿ ಎತ್ತಿದ. ಎತ್ತಿದವನು ಹಾಗೇ ನಿಂತುಬಿಟ್ಟ. ಬಾಗಿಲಲ್ಲಿ ಹೊನ್ನಿ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡುತ್ತ ನಿಂತಿದ್ದಳು.

"ಹಾಕ್ಲೇನವ್ವ?" ಎಂದ. "ನೀವು ಬಾಯಿಬಿಟ್ಟು ಹೇಳ್ಬೇಕು. ಹೇಳದೆ ಹಾಕಕ್ಕೆ ನನ್ನ ಕೈಲಾಗಲ್ಲ."

ಗಾಣಿಗಿತ್ತಿ ಸೊಸೆಯ ಹೊಟ್ಟೆಯ ಕಡೆ ನೋಡಿದಳು. ಆಚೆ ಹೋಗು ಎನ್ನಬೇಕೆನಿಸಿತು. ಎಷ್ಟು ದೂರ ಹೋದರೂ ಪೆಟ್ಟು ತಾಗುತ್ತದೆ ಎಂದು ತಾನೇ ಇಷ್ಟು ದಿನ ನಂಬಿದ್ದು ನೆನಪಾಯಿತು. ಹೇಳದೆ ಹೋದರೆ ಯಾರೂ ತನ್ನನ್ನು ದೂರುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ತೊಲೆ ಬಿದ್ದರೆ ಎಲ್ಲರೂ ಹಣೆಬರಹ ಎನ್ನುತ್ತಾರೆ. ಗುದ್ದಲಿ ಬಿದ್ದರೆ ಮಾತ್ರ ಅದು ಅವಳು ಆಡಿದ ಮಾತು.

"ಹಾಕು" ಎಂದಳು.

ಗುದ್ದಲಿ ಬಿತ್ತು. ಅವಳು ಕಣ್ಣು ಮುಚ್ಚಿಕೊಂಡಳು. ಆ ಪೆಟ್ಟು ತನ್ನ ಹೊಟ್ಟೆಗೇ ಬಿದ್ದಂತೆ ಮೈ ಕುಗ್ಗಿತು. ಆದರೂ ಹೆಗಲು ತೆಗೆಯಲಿಲ್ಲ. ಗಟ್ಟಿ ನೆಲ ಸಿಕ್ಕಿತು, ಹೊಸ ಕಂಬ ನಿಂತಿತು, ತೊಲೆಯ ಭಾರ ಅದರ ಮೇಲೆ ಹೋಯಿತು. ಗಾರೆಯವನು ಅವಳನ್ನು ತೋಳು ಹಿಡಿದು ಈಚೆಗೆ ಕರೆತಂದಾಗ ಅವಳು ನೆಲಕ್ಕೆ ಕೂತಳು. ಕೂತಲ್ಲಿಂದಲೇ, "ಗೋಡೇನೂ ಎತ್ತಿಬಿಡು. ನಾಳೆಯಿಂದ್ಲೇ ಬಾ" ಎಂದಳು.

ಭಯ ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡ. ಆಗ ಶುರುವಾಯಿತು ಎನ್ನಬೇಕು. ಅದುವರೆಗೆ ಆಗಬಹುದು ಎಂದು ಹೆದರಿದ್ದಳು, ಈಗ ಮಾಡಿಬಿಟ್ಟೆ ಎಂದು ಹೆದರಿದಳು. ಹಿತ್ತಿಲಿನಲ್ಲಿ ಕೆಲಸ ನಡೆಯುವಷ್ಟು ಹೊತ್ತೂ ಅವಳು ಸೊಸೆಯ ಪಕ್ಕ ಕೂತು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿರುತ್ತಿದ್ದಳು. ಸುತ್ತಿಗೆಯ ಸದ್ದಾದರೆ ಉಸಿರು ಬಿಗಿಹಿಡಿಯುತ್ತಿದ್ದಳು. ಕೂಸು ಒಳಗೆ ಒದ್ದರೆ ಉಸಿರು ಬಿಡುತ್ತಿದ್ದಳು. ಒಂದು ದಿನ ಬಹಳ ಹೊತ್ತು ಅದು ಒದೆಯಲಿಲ್ಲ. ಗಾಣಿಗಿತ್ತಿ ಅಂದು ಬಾಯಿಗೆ ನೀರು ಸಹ ಹಾಕಲಿಲ್ಲ. ಗೋಡೆ ಎದ್ದಿತು, ಕಿಟಕಿ ಕೂತವು, ಕಟ್ಟೆಯಾಯಿತು, ಹೊಗೆಗೂಡಾಯಿತು. ಉಪ್ಪಿನ ಜಾಡಿ ಮಂಚದ ಕೆಳಗಿನಿಂದ ತನ್ನ ಜಾಗಕ್ಕೆ ಬಂತು. ಊರ ಹೆಂಗಸರು ನೋಡಲು ಬಂದು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಕೆಲವರು ಅಡುಗೆಮನೆಯನ್ನು ನೋಡಿ, ಕೆಲವರು ಹೊನ್ನಿಯ ಹೊಟ್ಟೆಯನ್ನು ನೋಡಿ. ಗಾಣಿಗಿತ್ತಿಗೆ ಆ ಬೆಳಕಿನಲ್ಲಿ ನಿಂತು ಒಂದು ತುತ್ತು ಸಂತೋಷಪಡಲು ಆಗಲಿಲ್ಲ.

ಹೆರಿಗೆ ನೋವು ಬಂತು. ಸೂಲಗಿತ್ತಿ ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡಳು. ಗಾಣಿಗಿತ್ತಿ ಹೊಸ ಒಲೆಯ ಮುಂದೆ ನಿಂತು ನೀರು ಕಾಯಿಸಿದಳು. ಸೊಸೆಯ ನರಳಾಟ ಕೇಳುತ್ತಿತ್ತು, ಕೂಗು ಕೇಳುತ್ತಿತ್ತು. ಆಮೇಲೆ ಅದು ನಿಂತಿತು. ಗಾಣಿಗಿತ್ತಿ ಕೂಸಿನ ಅಳು ಕೇಳಿಸಲಿ ಎಂದು ಕಾದಳು. ಹಿಂದೆ ಒಮ್ಮೆ ತಾನು ಹೆತ್ತು ಮಲಗಿದ್ದಾಗಲೂ ಹೀಗೇ ಕಾದಿದ್ದಳು. ಒಲೆಯ ಮೇಲಿನ ನೀರು ಕುದಿಯುತ್ತಲೇ ಇತ್ತು. ಒಳಗಡೆ ಅಗಳಿ ಸರಿಯಿತು. ಸೂಲಗಿತ್ತಿ ಬಾಗಿಲು ತೆರೆದು ಹೊರಗೆ ಬಂದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಮರುಳಯ್ಯ ಕಾದ. ಗುರುಗಳು ಮತ್ತೆ ಹುಣಸೆಹಣ್ಣು ಬಿಡಿಸತೊಡಗಿದರು.

"ಕೂಸು ಏನಾಯಿತು ಬುದ್ಧಿ?" ಎಂದು ಕೇಳಿದ. "ಬದುಕಿತೋ ಇಲ್ಲವೋ, ಅಷ್ಟಾದರೂ ಹೇಳಿ."

"‘ಹಾಕು’ ಎಂದಾಗ ಅದು ಅವಳಿಗೂ ಗೊತ್ತಿರಲಿಲ್ಲ" ಎಂದರು ಗುರುಗಳು.